ಅಪೀಲು ಮುಗಿಯುವವರೆಗೆ ಅಮ್ಮನ ಸೊಂಟ

ಅಮ್ಮ ಕೇಸು ಗೆದ್ದ ದಿನ ಅಪ್ಪ ಭಾಂಡುಪಿನ ನಮ್ಮ ಬಿಲ್ಡಿಂಗಿನ ಮನೆಮನೆಗೂ ಪೇಡೆ ಹಂಚಿದರು. ಅಷ್ಟು ಅವಸರ ಬೇಕಿರಲಿಲ್ಲ.

ಅದೇ ಬಿಲ್ಡಿಂಗಿಗೆ ಬಣ್ಣ ಬಳಿಯುವಾಗ ಗುತ್ತಿಗೆದಾರ ಕಟ್ಟಿಸಿದ್ದ ಬಿದಿರಿನ ಸಾರುವೆ ಕುಸಿದು, ತರಕಾರಿಗೆ ಹೊರಟಿದ್ದ ಅಮ್ಮನ ಮೇಲೆ ಬಿದ್ದಿತ್ತು. ಸೊಂಟ ಮುರಿಯಿತು. ಆಗ ಹಾಕಿದ್ದ ಸ್ಕ್ರೂಗಳು ಸಡಿಲಾಗಿ, ಕೀಲನ್ನೇ ಬದಲಿಸಬೇಕೆಂದು ಡಾಕ್ಟರು ಹೇಳಿದ್ದರು. ಪರಿಹಾರ ಬಂದರೆ ಆಪರೇಷನ್, ಬರದಿದ್ದರೆ ವಾಕರ್ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಸೋತ ಗುತ್ತಿಗೆದಾರ ಹೈಕೋರ್ಟಿಗೆ ಹೋದ. ಸಾಂತಾಕ್ರೂಜಿನ ನಮ್ಮ ವಕೀಲರು ಉಡುಪಿ ಕಡೆಯವರು. ಕೆಟ್ಟ ಸುದ್ದಿಯನ್ನೂ ಮದುವೆ ಊಟಕ್ಕೆ ಕರೆದಂತೆ ಹೇಳುತ್ತಿದ್ದರು.

"ಅಪೀಲು ಹಾಕಿದ ಮಾತ್ರಕ್ಕೆ ತೀರ್ಪು ನಿಲ್ಲುದಿಲ್ಲ ಮಾರ್ರೆ. ಅವ ಸ್ಟೇ ಕೇಳ್ತಾನೆ. ಕೋರ್ಟು, ಮೊದಲು ಪೂರ್ತಿ ದುಡ್ಡು ಇಲ್ಲಿ ತಂದಿಡು ಅಂತದೆ. ಅದ್ರಲ್ಲಿ ಸ್ವಲ್ಪ ನಮಗೆ ಕೊಡಿ ಅಂತ ನಾವು ಅರ್ಜಿ ಹಾಕುವ."

ಹಾಗೆಯೇ ಆಯಿತು. ಅವನು ಹಲ್ಲು ಕಚ್ಚಿಕೊಂಡು ಹಣ ತಂದಿಟ್ಟ. ಅದರಲ್ಲಿ ಅರ್ಧ ತೆಗೆದುಕೊಳ್ಳಲು ಕೋರ್ಟು ಅಮ್ಮನಿಗೆ ಒಪ್ಪಿಗೆ ಕೊಟ್ಟಿತು. ಷರತ್ತು ಒಂದೇ: ಅಪೀಲಿನಲ್ಲಿ ಸೋತರೆ ಬಡ್ಡಿ ಸಮೇತ ವಾಪಸ್ ಕಟ್ಟುತ್ತೇನೆಂದು ಬರೆದುಕೊಡಬೇಕು. ಅಮ್ಮ ಕಣ್ಣುಮುಚ್ಚಿ ಸಹಿ ಹಾಕಿದಳು.

ಆದರೆ ನಮ್ಮಪ್ಪ ವಿಲೆ ಪಾರ್ಲೆಯ ಬ್ಯಾಂಕೊಂದರಲ್ಲಿ ಕ್ಯಾಷಿಯರಾಗಿ ನಿವೃತ್ತರಾದವರು. ಜೀವಮಾನವಿಡೀ ಬೇರೆಯವರ ನೋಟು ಎಣಿಸಿ, ಕೈ ತೊಳೆದುಕೊಂಡು ಮನೆಗೆ ಬಂದವರು. ಹಣ ಅಪ್ಪ-ಅಮ್ಮನ ಜಂಟಿ ಖಾತೆಗೆ ಬಿದ್ದ ಮರುದಿನವೇ ಅದನ್ನು ಎಫ್‌ಡಿಯಲ್ಲಿಟ್ಟರು.

"ವಾಪಸ್ ಕೊಡು ಅಂದ್ರೆ ಎಲ್ಲಿಂದ ತರೋದು? ಇದಿನ್ನೂ ನಮ್ಮ ದುಡ್ಡಲ್ಲ ಕಣೇ," ಎಂದರು ಅಮ್ಮನಿಗೆ.

ಹೈಕೋರ್ಟೇ ಒಪ್ಪಿದ್ದಕ್ಕೆ ಅಪ್ಪ ಸೋಫಾದಲ್ಲಿ ಕೂತು ತಡೆಯಾಜ್ಞೆ ಕೊಟ್ಟಿದ್ದರು! ನನಗೆ ಮೈ ಉರಿಯಿತು. ಎಷ್ಟು ಜಗಳವಾಡಿದರೂ ಜಪ್ಪಯ್ಯ ಅನ್ನಲಿಲ್ಲ. ಗುತ್ತಿಗೆದಾರ ಅಷ್ಟರಲ್ಲಿ ಇನ್ನೆರಡು ಬಿಲ್ಡಿಂಗಿಗೆ ಬಣ್ಣ ಬಳಿದ. ಎರಡು ವರ್ಷ ಕಳೆದರೂ ಅಪೀಲು ವಿಚಾರಣೆಗೆ ಬರಲಿಲ್ಲ. ಅಮ್ಮ ವಾಕರ್ ಹಿಡಿದು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಓಡಾಡಿದಳು.

ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಕೂತವಳಿಗೆ ಏಳಲಾಗಲಿಲ್ಲ. ಅಪ್ಪನಿಗೂ ನನಗೂ ಎತ್ತಲಾಗದೆ ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಒದ್ದೆ ಸೀರೆಯಲ್ಲಿ ಪರರ ಕೈ ಹಿಡಿದು ಹೊರಬಂದ ಅಮ್ಮನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ಹೋದ ಮೇಲೆ ಅಮ್ಮ ಹಾಸಿಗೆಯಲ್ಲಿ ಕೂತು ಹೇಳಿದಳು:

"ರೀ, ಎಫ್‌ಡಿ ಮುರಿಸಿ. ದುಡ್ಡು ಯಾರದು ಅಂತ ಕೋರ್ಟು ನಿಧಾನಕ್ಕೆ ಹೇಳ್ಲಿ. ಸೊಂಟ ನಂದು."

ಅಪ್ಪ ಎಫ್‌ಡಿ ರಸೀದಿ ಹಿಡಿದು ಬ್ಯಾಂಕಿಗೆ ಹೋದರು. ಅವಧಿಗೆ ಮೊದಲೇ ಮುರಿಸಿದ್ದಕ್ಕೆ ಬಡ್ಡಿ ಕಡಿಮೆ ಸಿಕ್ಕಿತೆಂದು ಮಾತ್ರ ಒಂದು ವಾರ ಗೊಣಗಿದರು. ಆಪರೇಷನ್ ಆಯಿತು. ಅಮ್ಮ ನಡೆಯತೊಡಗಿದಳು.

ಅಪೀಲು ಇನ್ನೂ ಇತ್ಯರ್ಥವಾಗಿಲ್ಲ. ಮೊನ್ನೆ ಮೂವರೂ ಭಾಂಡುಪ್ ಸ್ಟೇಷನ್ನಿನಲ್ಲಿದ್ದಾಗ ವಕೀಲರು ಫೋನ್ ಮಾಡಿ, ವಿಚಾರಣೆ ಮತ್ತೆ ಮುಂದಕ್ಕೆ ಹೋಯಿತೆಂದರು. ಅಪ್ಪನ ಮುಖ ಸಣ್ಣದಾಯಿತು.

"ಅಕಸ್ಮಾತ್ ಸೋತ್ರೆ?"

"ಬಂದು ಈ ಕೀಲು ಬಿಚ್ಕೊಂಡು ಹೋಗ್ಲಿ," ಎಂದಳು ಅಮ್ಮ. ಲೋಕಲ್ ರೈಲು ಬರುವ ಸದ್ದಾಗಿತ್ತು. ಸೀರೆಯ ನೆರಿಗೆ ಎತ್ತಿ ಹಿಡಿದು, ನಮಗೆ ಕಾಯದೆ, ಆಚೆ ಪ್ಲಾಟ್‌ಫಾರ್ಮಿಗೆ ದಾಟುವ ಸೇತುವೆಯ ಮೆಟ್ಟಿಲು ಹತ್ತಿಯೇಬಿಟ್ಟಳು.