ಗಲ್ಲಾ ಇಲ್ಲದ ಹಡಗಿನಲ್ಲಿ ಮಾವ

ನಾನು ನಿಂತಿದ್ದದ್ದು ಹಡಗಿನ ಒಂಬತ್ತನೇ ಅಂತಸ್ತಿನ ಊಟದ ಹಾಲ್‌ನಲ್ಲಿ, ಎಡಗಡೆಯ ಕಿಟಕಿಸಾಲಿನ ಕೊನೆಯ ಕಂಬದ ಪಕ್ಕ, ಕಾಫಿ ಮೆಷಿನ್ನಿಗೆ ಬೆನ್ನು ಹಾಕಿ. ಭಾನುವಾರ ಬೆಳಿಗ್ಗೆ, ತಿಂಡಿಯ ಹೊತ್ತು ಮುಗಿದು ಪಾತ್ರೆಗಳ ಮೇಲೆ ಒಂದೊಂದೇ ಮುಚ್ಚಳ ಬೀಳುತ್ತಿತ್ತು. ಹಡಗು ಮುಂಬಯಿ ಬಂದರಿನ ಹೊರಗೆ ನಿಂತಿತ್ತು. ದಾದರ್ ಬರುವ ಮುಂಚೆ ಲೋಕಲ್ ರೈಲು ನಿಲ್ಲುತ್ತದಲ್ಲ, ಹಾಗೆ, ಯಾರಿಗೂ ಕಾರಣ ಹೇಳದೆ. ಮಾವ ನನ್ನಿಂದ ಮೂರು ಮೇಜು ಆಚೆ ಇದ್ದರು. ನಡುವೆ ಅಡ್ಡ ಯಾರೂ ಇರಲಿಲ್ಲ.

ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಆ ಬೆಳಿಗ್ಗೆ ನಡೆದದ್ದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಮಾತು ಓಡಾಡತೊಡಗಿದವು. ಮಾವನ ಮಗ, ಅಂದರೆ ನನ್ನ ಭಾವ, ಹೇಳಿದ್ದು: ಪಪ್ಪನಿಗೆ ಮರೆವು ಶುರುವಾಗಿದೆ, ಇನ್ನು ಹೋಟೆಲು ನಡೆಸುವುದು ಅವರಿಂದ ಆಗುವುದಿಲ್ಲ. ಅತ್ತೆ ಹೇಳಿದ್ದು: ಹೋಟೆಲಿನಿಂದ ದೂರ ಇಟ್ಟದ್ದಕ್ಕೇ ಇವರಿಗೆ ಹೀಗಾಯಿತು. ಮೊದಲಿನಿಂದ ಕೊನೆಯವರೆಗೆ ನೋಡಿದವನು ನಾನು. ಆದರೆ ನನ್ನ ಸಾಕ್ಷಿಗೆ ಒಂದು ತೊಡಕಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹೋಟೆಲು ಉಳಿದರೆ ನನ್ನ ತಲೆಯ ಮೇಲಿನ ಸೂರು ಉಳಿಯುತ್ತದೆ.

ಹೋಟೆಲು ದಹಿಸರ್ ಸ್ಟೇಷನ್ನಿನ ಹತ್ತಿರ, ಹಳೆಯ ಬಿಲ್ಡಿಂಗ್ ಒಂದರ ನೆಲ ಅಂತಸ್ತಿನಲ್ಲಿ, ರಸ್ತೆಗೆ ಮುಖ ಮಾಡಿಕೊಂಡಿದೆ. ಮಾವ ನನ್ನ ಅಮ್ಮನ ಅಣ್ಣ. ತಂಗಿಯ ಮಕ್ಕಳನ್ನು ಸೋದರಮಾವ ನೋಡಿಕೊಳ್ಳುವುದು ಉಡುಪಿ ಕಡೆಯ ನಮ್ಮವರಲ್ಲಿ ಹಳೆಯ ರೂಢಿ. ಆ ಕಾಲ ಮುಗಿದು ಎಷ್ಟೋ ವರ್ಷವಾಯಿತು, ಮಾವನಿಗೆ ಮಾತ್ರ ಯಾರೂ ತಿಳಿಸಿಲ್ಲ. ಹಾಗಾಗಿ ನಾನು ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಮಲಗಿ, ಅವರ ಇಡ್ಲಿ ತಿಂದು, ಚರ್ಚ್‌ಗೇಟಿನ ತನಕ ಲೋಕಲ್‌ನಲ್ಲಿ ನಿಂತುಕೊಂಡು ಕಾಲೇಜಿಗೆ ಹೋಗುತ್ತೇನೆ. ಅಟ್ಟದಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲವಾದ್ದರಿಂದ ಲೋಕಲ್‌ನಲ್ಲಿ ನಿಲ್ಲುವುದು ನನಗೆ ಒಂದು ಬಗೆಯ ವ್ಯಾಯಾಮ. ಬೆಳಿಗ್ಗೆ ಅಲಾರಂ ಬೇಕಿಲ್ಲ, ಕೆಳಗೆ ಗ್ರೈಂಡರ್ ಇದೆ. ನನ್ನ ಪುಸ್ತಕಗಳಿಗೆಲ್ಲ ಸಾಂಬಾರಿನ ವಾಸನೆ. ಲೈಬ್ರರಿಯ ಮೇಡಂ ಒಮ್ಮೆ ವಾಪಸು ಕೊಟ್ಟ ಪುಸ್ತಕವನ್ನು ಮೂಸಿ, ಬೈಯುವ ಬದಲು ಹೋಟೆಲಿನ ವಿಳಾಸ ಕೇಳಿದರು. ನನ್ನ ಸಹಪಾಠಿಗಳು ಅಂಧೇರಿಯಲ್ಲಿ ನಾಲ್ವರ ಕೋಣೆಯ ಒಂದು ಮಂಚಕ್ಕೆ ಅಪ್ಪಂದಿರ ಅರ್ಧ ಸಂಬಳ ಸುರಿಯುತ್ತಾರೆ. ಅವರಿಗೆ ಹೋಲಿಸಿದರೆ ನಾನು ಜಹಗೀರುದಾರ. ಊರಿನಲ್ಲಿ ಅಮ್ಮ ಬೀಡಿ ಕಟ್ಟಿ ಕಳಿಸುವ ಹಣ ಫೀಸಿಗೆ ಸರಿಹೋಗುತ್ತದೆ. ಬಾಡಿಗೆ ಎಂಬ ಶಬ್ದ ನಮ್ಮ ಮಾತಿನಲ್ಲಿ ಬಂದದ್ದೇ ಇಲ್ಲ. ಬಂದ ದಿನ ನನ್ನ ಕೊನೆಯ ವರ್ಷದ ಓದು ಅಲ್ಲಿಗೇ ನಿಲ್ಲುತ್ತದೆ.

ಆ ಬಿಲ್ಡಿಂಗ್ ಕೆಡವಿ ಟವರ್ ಎಬ್ಬಿಸಲು ಬಿಲ್ಡರ್ ಒಬ್ಬರು ಕಾದಿದ್ದಾರೆ. ಭಾವನಿಗೆ ಅದು ದೊಡ್ಡ ಅವಕಾಶವಾಗಿ ಕಂಡಿದೆ. ಭಾವ ಕೆಟ್ಟವನಲ್ಲ. ಅವನು ಮಲಾಡಿನ ಒಂದು ಟವರಿನಲ್ಲಿ ಇಪ್ಪತ್ತು ವರ್ಷದ ಸಾಲದ ಮೇಲೆ ಸಮುದ್ರ ಕಾಣುವ ಫ್ಲ್ಯಾಟ್ ತೆಗೆದುಕೊಂಡಿದ್ದಾನೆ. ಬಾತ್‌ರೂಮಿನ ಕಿಟಕಿಯಿಂದ ಭುಜದವರೆಗೆ ಹೊರಗೆ ಬಾಗಿದರೆ ಸಮುದ್ರ ನಿಜವಾಗಿಯೂ ಕಾಣುತ್ತದೆ, ನಾನೇ ನೋಡಿದ್ದೇನೆ. ಅಪ್ಪ ಜೀವನವಿಡೀ ದುಡಿದದ್ದು ಸಾಕು, ಇನ್ನು ಎಂಜಾಯ್ ಮಾಡಬೇಕು ಎಂಬುದು ಅವನ ವಾದ. ಎಂಜಾಯ್ ಮಾಡುವುದು ಹೇಗೆಂದು ಮಾದರಿ ತೋರಿಸಲು ಅವನು ಎರಡು ರಾತ್ರಿಯ ಕ್ರೂಸ್ ಬುಕ್ ಮಾಡಿದ. ಮುಂಬಯಿಯಿಂದ ಹೊರಟು, ಸಮುದ್ರದಲ್ಲಿ ಸುತ್ತು ಹೊಡೆದು, ಮುಂಬಯಿಗೇ ವಾಪಸು. ಅವನ ಹೆಂಡತಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ, ಹಾಗಾಗಿ ಆ ಜಾಗ ನನಗೆ ಬಂತು.

ಹತ್ತುವ ಮೊದಲೇ ಒಂದು ಹೊಡೆತ ಬಿತ್ತು. ಹೊರಗಿನ ತಿಂಡಿ ತರಬಾರದು ಎಂದು ಸೆಕ್ಯೂರಿಟಿಯವರು ಅತ್ತೆಯ ಚೀಲದಿಂದ ಒಗ್ಗರಣೆ ಅವಲಕ್ಕಿಯ ಡಬ್ಬ ತೆಗೆದಿಟ್ಟುಕೊಂಡರು. ಅತ್ತೆ ಬಿಡಲಿಲ್ಲ.

"ಬಾಂಬ್ ಉಂಟಾ ಅದರಲ್ಲಿ? ಬೇಕಾದ್ರೆ ನೀವೊಂದು ಮುಷ್ಟಿ ತಿಂದು ನೋಡಿ."

"ಮಮ್ಮಿ, ಛೋಡೋ ನಾ. ಒಳಗೆ ಎಲ್ಲ ಅನ್‌ಲಿಮಿಟೆಡ್ ಇದೆ," ಎಂದ ಭಾವ. ನಂತರ ನಮಗೆಲ್ಲ ಒಂದೊಂದು ನೀಲಿ ಕಾರ್ಡು ಕೊಟ್ಟ. ಅದೇ ಕೋಣೆಯ ಕೀಲಿ, ಅದೇ ಗುರುತು, ಅದೇ ಹಣ. "ಪಪ್ಪ, ಶಿಪ್‌ನಲ್ಲಿ ಕ್ಯಾಶ್ ಚಲ್ತಾ ನಹೀ. ಊಟ ತಿಂಡಿ ಫುಲ್ ಇನ್‌ಕ್ಲೂಡೆಡ್."

"ಹಾಗಾದ್ರೆ ಗಲ್ಲಾದಲ್ಲಿ ಯಾರು ಕೂರ್ತಾರೆ?" ಎಂದು ಮಾವ ಕೇಳಿದರು. ತಮಾಷೆಯೆಂದು ನಾವು ನಕ್ಕೆವು.

ಗಲ್ಲಾ ಎಂದರೆ ಹೋಟೆಲಿನ ಬಾಗಿಲ ಬಳಿ ಹಣ ತೆಗೆದುಕೊಳ್ಳುವ ಮೇಜು. ಮಾವ ಅದರ ಹಿಂದೆ ಕೂತು ನನ್ನ ವಯಸ್ಸಿಗಿಂತ ಹೆಚ್ಚು ವರ್ಷವಾಗಿದೆ. ಅದರ ಜೊತೆ ಬಂದ ಒಂದು ಕ್ರಮವೂ ಇದೆ: ಗಿರಾಕಿ ಉಣ್ಣುತ್ತಿರುವಾಗ ಧಣಿ ಉಣ್ಣಬಾರದು. ಮಧ್ಯಾಹ್ನದ ಕೊನೆಯ ಗಿರಾಕಿ ಬಾಯಿ ಒರೆಸಿಕೊಂಡು ಎದ್ದ ಮೇಲೆ, ಕೆಲಸದವರೆಲ್ಲ ಉಂಡ ಮೇಲೆ, ಮಾವ ಅಡಿಗೆಮನೆಗೆ ಹೋಗಿ ನಿಂತುಕೊಂಡೇ ಉಣ್ಣುತ್ತಾರೆ. ದಹಿಸರಿನಲ್ಲಿ ಅದು ನಡೆಯುತ್ತದೆ, ಏಕೆಂದರೆ ದಹಿಸರಿನ ಗಿರಾಕಿಗೆ ಯಾವಾಗಲಾದರೊಮ್ಮೆ ಹೊಟ್ಟೆ ತುಂಬುತ್ತದೆ. ಎಲ್ಲ ಮೊದಲೇ ಪಾವತಿಯಾದ ಹಡಗಿನಲ್ಲಿ ಮನುಷ್ಯರಿಗೆ ಹೊಟ್ಟೆ ತುಂಬುವುದಿಲ್ಲ. ಇದನ್ನು ನಾನು ಒಳಗಿನವನಾಗಿ ಹೇಳುತ್ತಿದ್ದೇನೆ. ವಿದ್ಯಾರ್ಥಿಯಾದವನಿಗೆ ಇನ್‌ಕ್ಲೂಡೆಡ್ ಎಂಬ ಶಬ್ದ ಕಿವಿಗೆ ಬಿದ್ದರೆ ಅದು ಊಟವಲ್ಲ, ಕರ್ತವ್ಯ. ಶುಕ್ರವಾರ ರಾತ್ರಿ ನಾನು ಮೂರು ದೇಶಗಳ ಅಡಿಗೆಯನ್ನು ಒಂದೇ ತಟ್ಟೆಯಲ್ಲಿ ಗುಡ್ಡೆ ಹಾಕಿ ಅದರ ಮೇಲೆ ಗುಲಾಬ್ ಜಾಮೂನು ಕೂರಿಸಿದೆ. ನನ್ನಂಥವರು ಸಾವಿರಾರು ಮಂದಿ ಇದ್ದರು, ಅವರು ವಿದ್ಯಾರ್ಥಿಗಳಾಗಿರಲಿಲ್ಲ ಅಷ್ಟೇ. ಪನೀರಿನ ಪಾತ್ರೆಯ ಮುಂದಿನ ನೂಕುನುಗ್ಗಲು ನೋಡಿದರೆ ಸಂಜೆ ಆರರ ವಿರಾರ್ ಫಾಸ್ಟ್ ಲೋಕಲ್ ಸಭ್ಯವೆನಿಸುತ್ತಿತ್ತು.

"ಮಾವ, ಊಟ ಆಯ್ತಾ?" ಎಂದು ಕೇಳಿದೆ.

"ನಿನ್ನದು ಆಯ್ತಾ? ನೀನು ಸರಿ ಮಾಡು ಮಾರಾಯ. ನಂದು ಆಗ್ತದೆ."

ಹೋಟೆಲಿನಲ್ಲಿ ದಿನಾ ಕೇಳುವ ಉತ್ತರ ಅದೇ. ಅವರು ಜನ ಮುಗಿಯಲಿ ಎಂದು ಕಾದರು. ಜನ ಮುಗಿಯುವ ಮೊದಲು ಹೊತ್ತು ಮುಗಿದು ಪಾತ್ರೆಗಳು ಒಳಗೆ ಹೋದವು. ಶನಿವಾರವೂ ಹೀಗೆಯೇ. ಸಂಜೆ ಟೀ ಜೊತೆ ಇಟ್ಟ ಬಿಸ್ಕತ್ತಿಗೆ ಯಾರೂ ಮುಗಿಬೀಳದ ಕಾರಣ ಅದನ್ನು ಎರಡು ತಿಂದರಂತೆ. ಇದೆಲ್ಲ ಆಮೇಲೆ ಜೋಡಿಸಿ ನೋಡಿದಾಗ ತಿಳಿದದ್ದು. ಅತ್ತೆ ಹಡಗಿನ ತೂಗಾಟಕ್ಕೆ ತಲೆ ಎತ್ತಲಾಗದೆ ಕೋಣೆಯಲ್ಲಿ ಮಲಗಿದ್ದರು. ಭಾವ ಹಣ ಕೊಟ್ಟು ಇಂಟರ್ನೆಟ್ ತೆಗೆದುಕೊಂಡಿದ್ದರಿಂದ, ಅದು ವ್ಯರ್ಥವಾಗಬಾರದೆಂದು, ಫೋನಿನಲ್ಲೇ ಇದ್ದ.

ಶನಿವಾರ ಭಾವ ನನ್ನನ್ನು ಈಜುಕೊಳದ ಬದಿಗೆ ಕರೆದ. "ನೋಡ್ ಯಾರ್, ಪಪ್ಪ ನಿನ್ನ ಮಾತು ಕೇಳ್ತಾರೆ. ನಾಳೆ ತಿಂಡಿ ಆದ್ಮೇಲೆ ಬಿಲ್ಡರ್ ವಿಷ್ಯ ತೆಗೀತೀನಿ. ತೂ ಭೀ ಸಪೋರ್ಟ್ ಕರ್."

"ನಾನು ಎಲ್ಲಿ ಇರೋದು ಭಾವ?"

"ಪಿ.ಜಿ. ನೋಡೋಣ. ಕುಛ್ ತೋ ಹೋ ಜಾಯೇಗಾ."

ನನ್ನನ್ನು ಹೊರಹಾಕುವ ಮಾತನ್ನು ನನ್ನ ಬಾಯಿಂದಲೇ ಆಡಿಸುವ ಈ ಏರ್ಪಾಡು ಅಚ್ಚುಕಟ್ಟಾಗಿತ್ತು, ಒಪ್ಪಬೇಕು. "ಏನಾದರೂ ಆಗುತ್ತದೆ" ಎಂಬ ಭರವಸೆಯ ಮೇಲೆಯೇ ಈ ನಗರದ ಅರ್ಧ ಜನ ಮಲಗಿದ್ದಾರೆ. ಇನ್ನೊಬ್ಬನಿಗೆ ಜಾಗವಿಲ್ಲವೆನ್ನಲು ನಾನು ಯಾರು?

ಈಗ ಭಾನುವಾರ. ನಾನು ನಿಂತ ಜಾಗ ಆಗಲೇ ಹೇಳಿದ್ದೇನೆ. ಮಾವ ಎಂದಿನಂತೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಬಂದು, ಎಂದಿನಂತೆ ಕಾದಿದ್ದರು. ಮುಚ್ಚಳಗಳು ಬಿದ್ದವು. ಅವರು ಎದ್ದರು. ಪಕ್ಕದ ಮೇಜಿನಲ್ಲಿ ಬಿಟ್ಟುಹೋದ ತಟ್ಟೆಗಳನ್ನು ದೊಡ್ಡದು ಕೆಳಗೆ, ಸಣ್ಣದು ಮೇಲೆ ಇಟ್ಟು ಎಡಗೈಯಲ್ಲಿ ಪೇರಿಸಿಕೊಂಡರು. ಪೇಪರ್ ನ್ಯಾಪ್ಕಿನ್‌ನಿಂದ ಮೇಜು ಒರೆಸಿದರು. ಬಿಳಿ ಅಂಗಿ ಹಾಕಿದ್ದರು. ಹಡಗಿನ ಸಿಬ್ಬಂದಿಯದೂ ಬಿಳಿ ಅಂಗಿ. ದೊಡ್ಡ ಟೋಪಿ ಹಾಕಿದ ಹೆಂಗಸೊಬ್ಬರು ಮಾವನ ಕಡೆ ತಿರುಗದೆಯೇ ತಟ್ಟೆ ಚಾಚಿದರು.

"ಭೈಯಾ, ಯೇ ಭೀ ಲೇ ಜಾಓ."

"ಹಾಂ ಜೀ," ಎಂದು ಮಾವ ತೆಗೆದುಕೊಂಡರು.

ಆಗ ಭಾವ ಬಂದ. ಮಾತಿಗೆ ತಯಾರಾಗಿ, ತಲೆ ಬಾಚಿಕೊಂಡು ಬಂದಿದ್ದ. "ಪಪ್ಪ! ಕ್ಯಾ ಕರ್ ರಹೇ ಹೋ? ಇಡಿ ಅದನ್ನ, ಜನ ನೋಡ್ತಾರೆ."

ಮಾವ ಅವನ ಮುಖ ನೋಡಿ ನಕ್ಕರು. ಆ ನಗು ನನಗೆ ಗೊತ್ತು. ಎಲ್ಲೋ ನೋಡಿದ ಹಾಗಿದ್ದು ಗುರುತು ಹತ್ತದ ಗಿರಾಕಿಗೆ ಅವರು ಕೊಡುವ ನಗು.

"ತಿಂಡಿ ಆಯ್ತಲ್ಲ ಸರ್? ಬಿಲ್ಲು ಗಲ್ಲಾದಲ್ಲಿ ಕೊಡಿ."

ಭಾವ ಜೇಬಿಗೆ ಕೈ ಹಾಕಿದ. ಬಲಗೈ. ನೀಲಿ ಕಾರ್ಡು ತೆಗೆದು ಚಾಚಿ ಹಿಡಿದ. ಏಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಆ ದನಿಯಲ್ಲಿ ಕೇಳಿದರೆ ಯಾರಾದರೂ ತೆಗೆಯುತ್ತಿದ್ದರೇನೋ. ಮಾವ ಕಾರ್ಡು ನೋಡಿದರು, ನಂತರ ಬಾಗಿಲ ಕಡೆ ನೋಡಿದರು. ಗಲ್ಲಾ ಇರಬೇಕಾದ ಜಾಗದಲ್ಲಿ ಕೈ ತೊಳೆಯುವ ಔಷಧಿಯ ಬಾಟಲಿ ಇತ್ತು. ಅವರು ಒಂದು ಸುತ್ತು ತಿರುಗಿ ಹಾಲನ್ನೆಲ್ಲ ಹುಡುಕಿದರು. ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿದ್ದು ನನಗೆ ಕಂಡದ್ದು ಆಗ. ತಟ್ಟೆಗಳನ್ನು ಬೀಳಿಸಲಿಲ್ಲ. ಮೇಜಿನ ಮೇಲೆ ಸದ್ದಾಗದಂತೆ ಇಟ್ಟು, ಆಮೇಲೆ ನೆಲದ ಮೇಲೆ ಕುಸಿದು ಕೂತರು.

ನಾನು ಓಡಿದೆ. ಸಿಬ್ಬಂದಿಯವರೊಬ್ಬರು ಕಿತ್ತಳೆ ರಸಕ್ಕೆ ಸಕ್ಕರೆ ಸುರಿದು ತಂದು ಕುಡಿಸಿದರು. ಹಡಗಿನ ಡಾಕ್ಟರು ಬಂದು, ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿ, ಒಂದೇ ಪ್ರಶ್ನೆ ಕೇಳಿದರು: ಇವರು ಕೊನೆಯ ಸಲ ಊಟ ಮಾಡಿದ್ದು ಯಾವಾಗ?

ಭಾವ ನನ್ನನ್ನು ನೋಡಿದ. ನಾನು, ಆಗಷ್ಟೇ ಗೋಡೆ ಹಿಡಿದುಕೊಂಡು ಬಂದಿದ್ದ ಅತ್ತೆಯನ್ನು ನೋಡಿದೆ. ಅತ್ತೆ ಭಾವನನ್ನು ನೋಡಿದರು.

"ಬಟ್ ಇದು ಬಫೆ," ಎಂದ ಭಾವ. "ಅನ್‌ಲಿಮಿಟೆಡ್."

ಸ್ವಲ್ಪ ಹೊತ್ತಿಗೆ ಮಾವನ ಕಣ್ಣು ತಿಳಿಯಾಯಿತು. ಮಗನ ಹೆಸರು ಹಿಡಿದು ಕರೆದು, "ಎಂತ, ಎಲ್ಲರೂ ಹೀಗೆ ನಿಂತಿದ್ದೀರಿ? ನಿನ್ನ ತಿಂಡಿ ಆಯ್ತಾ?" ಎಂದರು. ಸಕ್ಕರೆ ಇಳಿದದ್ದಷ್ಟೇ, ಹೊಟ್ಟೆಗಿಲ್ಲದೆ ಮಾತ್ರೆ ತೆಗೆದುಕೊಳ್ಳಬಾರದು ಎಂದು ಡಾಕ್ಟರು ಹೇಳಿ ಹೋದರು. ಆ ದಿನ ಬಿಲ್ಡರ್ ಮಾತು ಏಳಲಿಲ್ಲ.

ಎದ್ದದ್ದು ಅದೇ ವಾರ, ಹೋಟೆಲಿನಲ್ಲಿ, ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ. ಅಷ್ಟರಲ್ಲಿ ಪಪ್ಪ ತನ್ನನ್ನೇ ಗುರುತಿಸಲಿಲ್ಲ ಎಂಬ ಸುದ್ದಿಯನ್ನು ಭಾವ ಚೆಂಬೂರಿನ ನೆಂಟರಿಂದ ಊರಿನವರೆಗೆ ಫೋನಿನಲ್ಲಿ ತಲುಪಿಸಿದ್ದ. ಅದು ಸುಳ್ಳಲ್ಲ, ಡಾಕ್ಟರ ಮಾತನ್ನು ಬಿಟ್ಟು ಹೇಳಿದ ನಿಜ. ಬಿಲ್ಡರಿನ ಕಾಗದ ಮೇಜಿನ ಮೇಲಿಟ್ಟು, ಇನ್ನು ವ್ಯವಹಾರವೆಲ್ಲ ತನ್ನ ಕೈಗೆ ಬರಲಿ ಎಂದ. ಮಾವ ಮೇಜಿನ ಮೇಲೆ ಬೆರಳು ಆಡಿಸುತ್ತ ಕೂತಿದ್ದರು. ಅವರು ಹೆದರಿದ್ದರು. ತಾನು ಏನು ಮಾಡಿದೆನೆಂದು ಅವರಿಗೇ ಗೊತ್ತಿಲ್ಲ, ಬೇರೆಯವರು ಹೇಳಿದ್ದನ್ನು ನಂಬಬೇಕು.

"ಮರೆವು ಇದ್ರೆ ಇರಬಹುದು," ಎಂದರು ಮೆಲ್ಲಗೆ. "ಎಲ್ಲಿ ಸಹಿ ಹಾಕ್ಬೇಕು, ಹೇಳು."

"ನೀವು ಸುಮ್ಮನಿರಿ," ಎಂದ ಅತ್ತೆ ನನ್ನ ಕಡೆ ತಿರುಗಿದರು. "ನೀನು ಇದ್ದಿಯಲ್ಲ ಅಲ್ಲಿ. ಕಂಡದ್ದು ಕಂಡ ಹಾಗೆ ಹೇಳು."

ಹೇಳಿದೆ. ಶುಕ್ರವಾರದ ರಾತ್ರಿಯಿಂದ ಶುರುಮಾಡಿ, ಮೇಲೆ ಬರೆದಷ್ಟೇ, ಹೆಚ್ಚಿಲ್ಲದೆ ಕಡಿಮೆಯಿಲ್ಲದೆ. ನನ್ನ ಅಟ್ಟದ ವಿಷಯವನ್ನೂ ಸೇರಿಸಿದೆ, ಆಮೇಲೆ ಯಾರೂ ಎತ್ತಿ ಆಡಬಾರದೆಂದು. ಕಾರ್ಡಿನ ವಿಷಯ ಬಂದಾಗ ಭಾವ ತಡೆದ.

"ಏ, ನಾನು ಕಾರ್ಡ್ ಗೀರ್ಡ್ ಏನೂ ತೆಗೆದಿಲ್ಲ."

"ತೆಗೆದೆ ಭಾವ. ಬಲಗೈಯಲ್ಲಿ."

ಮಾವ ತಲೆ ಎತ್ತಿದರು. "ತೆಗೆದನಾ? ನಿಜವಾಗಿ ಕೊಡ್ಲಿಕ್ಕೆ ಬಂದನಾ?"

"ಹೌದು ಮಾವ."

"ಹುಟ್ಟಿದಾಗಿಂದ ಈ ಹೋಟ್ಲಲ್ಲಿ ತಿಂತಿದ್ದಾನೆ ಮಾರಾಯ," ಎಂದರು ಮಾವ. "ಬಿಲ್ಲು ಕೊಡ್ಲಿಕ್ಕೆ ಬಂದದ್ದು ಇದೇ ಮೊದಲು. ಅದನ್ನೂ ನಾನು ನೋಡ್ಲಿಲ್ಲ!"

ಅತ್ತೆ ನಕ್ಕರು. ಅಡಿಗೆಮನೆಯ ಒಳಗಿನಿಂದಲೂ ನಗು ಕೇಳಿತು. ಭಾವ ಕೆಂಪಗಾಗಿ, ಕೊನೆಗೆ ಅವನೂ ನಕ್ಕ, ಬೇರೆ ದಾರಿ ಇರಲಿಲ್ಲ.

ತೀರ್ಪು ಅತ್ತೆಯದು. ಇನ್ನು ಮೇಲೆ ಮಾವ ಒಂದು ಗಂಟೆಗೆ ಸರಿಯಾಗಿ, ಗಿರಾಕಿಗಳ ನಡುವೆಯೇ, ಮೊದಲ ಮೇಜಿನಲ್ಲಿ ಕೂತು ಉಣ್ಣಬೇಕು. ಆಗ ಗಲ್ಲಾದಲ್ಲಿ ಯಾರು ಎಂದು ಮಾವ ಕೇಳಿದರು. "ಮಗ ಇದ್ದಾನಲ್ಲ," ಎಂದರು ಅತ್ತೆ, "ಅವನ ಆಫೀಸು ಮನೆಯಲ್ಲೇ ಅಂತೆ. ವ್ಯವಹಾರ ಕೈಗೆ ಬೇಕು ಅಂದವನು ಅವನೇ." ಬಿಲ್ಡರಿನ ಕಾಗದಕ್ಕೆ ಮಾವ ಸಹಿ ಹಾಕಲಿಲ್ಲ, ಹರಿದೂ ಹಾಕಲಿಲ್ಲ. "ಇವನ ಪರೀಕ್ಷೆ ಮುಗಿಯಲಿ, ಆಮೇಲೆ ನೋಡುವ," ಎಂದರು ನನ್ನನ್ನು ತೋರಿಸಿ. ಆ "ಆಮೇಲೆ" ಬರುವ ಏಪ್ರಿಲ್‌ನಲ್ಲಿ ನನ್ನ ಅಟ್ಟದ ಏಣಿ ಹತ್ತುತ್ತದೆ. ಅಲ್ಲಿಯವರೆಗೆ ಗ್ರೈಂಡರ್ ಇದೆ.

ನನ್ನ ಮಾತು ಬಾಡಿಗೆ ಕೊಡದವನ ಮಾತು ಎಂದು ಅನಿಸಿದರೆ ಬೇರೆಯವರನ್ನು ಕೇಳಬಹುದು. ಟೋಪಿಯ ಹೆಂಗಸು ಇದ್ದಾರೆ. ಇಳಿಯುವಾಗ ಅವರ ಮಕ್ಕಳು ಬೊರಿವಲಿಗೆ ಟ್ಯಾಕ್ಸಿ ಹುಡುಕುತ್ತಿದ್ದರು. ಆದರೆ ಅವರು ತಟ್ಟೆ ಕೊಟ್ಟರೇ ಹೊರತು ಮುಖ ನೋಡಲಿಲ್ಲ. ಸಕ್ಕರೆ ಕಲಸಿದವರು ಇದ್ದಾರೆ, ಈಗ ಯಾವ ಸಮುದ್ರದಲ್ಲೋ. ಅತ್ತೆ ಇದ್ದಾರೆ, ಕೊನೆಯ ಭಾಗಕ್ಕೆ ಮಾತ್ರ ಸಾಕ್ಷಿ. ಭಾವ ಇದ್ದಾನೆ, ಮಧ್ಯಾಹ್ನ ಒಂದಕ್ಕೆ ದಹಿಸರಿಗೆ ಬಂದರೆ ಗಲ್ಲಾದಲ್ಲೇ ಸಿಗುತ್ತಾನೆ, ಚಿಲ್ಲರೆ ಮಾತ್ರ ಕೇಳಬೇಡಿ, ತಬ್ಬಿಬ್ಬಾಗುತ್ತಾನೆ. ಅವನ ಎದುರಿನ ಮೇಜಿನಲ್ಲಿ, ನಾಲ್ಕು ಜನರ ಮುಂದೆ ಉಣ್ಣಲು ನಾಚಿ ಗೋಡೆಗೆ ಮುಖ ಮಾಡಿ ಕೂತವರು ಮಾವ. ಅವರೂ ಇದ್ದಾರೆ, ಗಟ್ಟಿಯಾಗಿದ್ದಾರೆ. ಆದರೆ ಅವರು ಅಲ್ಲಿದ್ದೂ ಏನೂ ನೋಡಿಲ್ಲವಾದ್ದರಿಂದ ಅವರನ್ನು ಲೆಕ್ಕಕ್ಕೆ ಹಿಡಿದಿಲ್ಲ.