ಕಿರುಬೆರಳಿನ ಜಗಳ

ನನಗೆ ಮದುವೆಯಾಗಿಲ್ಲ, ಮಕ್ಕಳಿಲ್ಲ. ಆದರೂ ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ಇಡೀ ಗಜೇಂದ್ರಗಡದಲ್ಲಿ ನನ್ನಷ್ಟು ತಿಳಿದವರು ಯಾರೂ ಇಲ್ಲ ಎಂದು ಈ ಶ್ರಾವಣದವರೆಗೂ ನಂಬಿಕೊಂಡಿದ್ದೆ. ಈ ತಿಳಿವಳಿಕೆ ಬಂದದ್ದು ಮೊಬೈಲಿನಿಂದ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವಳಿಗೆ ಯಾವುದಾದರೂ ಒಂದು ಹುಚ್ಚು ಬೇಕಲ್ಲ. ಕೆಲವರು ಕಸೂತಿ ಹಿಡಿಯುತ್ತಾರೆ, ಕೆಲವರು ನೌಕರಿ ಪರೀಕ್ಷೆ ಹಿಡಿಯುತ್ತಾರೆ, ನಾನು ಮಕ್ಕಳ ಮನಸ್ಸು ಹಿಡಿದೆ. ರೊಟ್ಟಿ ಬಡಿಯುವಾಗ ಒಂದು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು, ಮಗು ಅತ್ತರೆ ಏನನ್ನಬೇಕು, ಹಟ ಹಿಡಿದರೆ ಎಷ್ಟು ಬಗ್ಗಿ ಮಾತಾಡಬೇಕು ಎಂದೆಲ್ಲ ಕಲಿತೆ. ಪ್ರಯೋಗಕ್ಕೆ ಮನೆಯಲ್ಲಿದ್ದದ್ದು ಒಂದೇ ಮಗು, ನಮ್ಮಣ್ಣನ ಮಗಳು ಸಹನಾ. ಮೂರನೇ ಇಯತ್ತೆ. ಹೆಸರಿಡುವಾಗ ನಾವ್ಯಾರೂ ಸ್ವಭಾವ ನೋಡಿರಲಿಲ್ಲ.

ಪಂಚಮಿ ಇನ್ನೇನು ಬಂತು ಎನ್ನುವಾಗ ಒಂದು ಸಂಜೆ ಈ ಸಹನಾ ಶಾಲೆಯಿಂದ ಬಂದು ಪಾಟೀಚೀಲವನ್ನು ಮೂಲೆಗೆ ಒಗೆದು, "ಭಾಗ್ಯಾನ ಜೋಡಿ ಠೂ ಬಿಟ್ಟೀನಿ. ಈ ಸಲ ಜೋಕಾಲಿಗೆ ನಾ ಹೋಗಂಗಿಲ್ಲ" ಎಂದಳು.

ಇದು ಸಣ್ಣ ಮಾತಲ್ಲ. ಭಾಗ್ಯಾ ಅಂದರೆ ಎರಡು ಮನೆ ಆಚೆಯ ರೇಣುಕಕ್ಕನ ಮಗಳು. ರೇಣುಕಕ್ಕ ಮನೆಯಲ್ಲೇ ಮಗ್ಗ ಹಾಕಿಕೊಂಡು ಸೀರೆ ನೇಯುತ್ತಾಳೆ, ಅವಳ ಮಗ್ಗದ ಸದ್ದೇ ನಮ್ಮ ಓಣಿಯ ಗಡಿಯಾರ. ಈ ಹುಡುಗಿಯರಿಬ್ಬರೂ ಒಂದನೇ ಇಯತ್ತೆಯಿಂದ ಒಂದೇ ಬೆಂಚು, ಒಂದೇ ಚುನಮರಿ ಪೊಟ್ಟಣ. ನಮ್ಮ ಕಡೆ ಪಂಚಮಿ ಎಂದರೆ ಉಂಡಿ ಮತ್ತು ಜೋಕಾಲಿ. ಓಣಿಯ ಜೋಕಾಲಿ ಕಟ್ಟುವುದು ಮುಮತಾಜಕ್ಕನ ಮನೆಯ ಮುಂದಿನ ಬೇವಿನ ಮರಕ್ಕೆ. ಹಲಗೆಯ ಮೇಲೆ ಇಬ್ಬರು ಎದುರುಬದುರು ನಿಂತು ಒಬ್ಬರಾದ ಮೇಲೊಬ್ಬರು ಜೀಕಬೇಕು. ಒಬ್ಬಳೇ ಕೂತು ತೂಗಿಸಿಕೊಂಡರೆ ಓಣಿಯ ಹುಡುಗಿಯರು "ತೊಟ್ಟಲದಾಗಿನ ಕೂಸು" ಎಂದು ಕಾಡುತ್ತಾರೆ. ಉಳಿದವರ ಜೋಡಿಗಳೆಲ್ಲ ಆಗಲೇ ನಿಶ್ಚಯವಾಗಿದ್ದವು. ಭಾಗ್ಯಾ ಇಲ್ಲ ಎಂದರೆ ಸಹನಾಳಿಗೆ ಪಂಚಮಿಯೇ ಇಲ್ಲ.

ಜಗಳದ ಮೂಲ ಕುಂಟಾಟ. ಶಾಲೆಯ ಅಂಗಳದಲ್ಲಿ ಮನೆ ಬರೆದು ಕುಂಟುವಾಗ ಸಹನಾ ಗೆರೆ ತುಳಿದಳು ಎಂದು ಭಾಗ್ಯಾ ಹೇಳಿದಳಂತೆ. ತುಳಿದಿಲ್ಲ ಎಂದು ಇವಳು. ಅಲ್ಲೇ ಠೂ.

ಈ ಠೂ ಬಿಡುವುದರ ಬಗ್ಗೆ ನಾನು ಆಮೇಲೆ ಬಹಳ ಯೋಚಿಸಿದೆ. ನಮ್ಮ ಓಣಿಯ ಪದ್ಧತಿ ಹೀಗೆ: ಇಬ್ಬರೂ ಎದುರು ನಿಂತು, ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕಿ, "ಠೂ" ಎಂದು ಜಗ್ಗಿ ಬಿಡಿಸಿಕೊಳ್ಳಬೇಕು. ಕೂಡುವಾಗ ತೋರುಬೆರಳಿಗೆ ತೋರುಬೆರಳು ಹಾಕಿ "ದೋಸ್ತಿ" ಅನ್ನಬೇಕು. ನರಗುಂದದ ನಮ್ಮ ಮಾವಶಿಯ ಮಕ್ಕಳು ಗದ್ದಕ್ಕೆ ಕಿರುಬೆರಳು ತಾಗಿಸಿ ಅಷ್ಟಕ್ಕೇ ಮುಗಿಸಿಬಿಡುತ್ತಾರೆ. ಊರೂರಿಗೆ ಕಾಯದೆ ಬೇರೆ, ಬೆರಳು ಮಾತ್ರ ಎಲ್ಲ ಕಡೆ ಅದೇ. ಯಾಕೆ ಕಿರುಬೆರಳು? ನನ್ನ ಸ್ವಂತ ಸಂಶೋಧನೆ ಏನೆಂದರೆ, ಐದು ಬೆರಳುಗಳಲ್ಲಿ ಕೆಲಸ ಕಡಿಮೆ ಇರುವುದು ಅದಕ್ಕೇ. ರೊಟ್ಟಿ ಮುರಿಯಲು ಬೇಡ, ಪೆನ್ನು ಹಿಡಿಯಲು ಬೇಡ. ಸಿಟ್ಟನ್ನು ಹೆಬ್ಬೆರಳಿಗೆ ಒಪ್ಪಿಸಿದ್ದರೆ ಉಣ್ಣುವುದು ಹೇಗೆ? ಆದ್ದರಿಂದ ಮಕ್ಕಳು ಖಾಲಿ ಕೂತ ಬೆರಳಿಗೆ ಸಿಟ್ಟಿನ ಡ್ಯೂಟಿ ಕೊಟ್ಟು, ಉಳಿದ ಬೆರಳುಗಳಲ್ಲಿ ತಮ್ಮ ತಮ್ಮ ಕೆಲಸ ಮಾಡಿಕೊಳ್ಳುತ್ತಾರೆ.

ಆದರೆ ಅವತ್ತು ಇಷ್ಟೆಲ್ಲ ಹೊಳೆದಿರಲಿಲ್ಲ. ಅವತ್ತು ನನಗೆ ಆದದ್ದು ಸಂತೋಷ. ಕಡೆಗೂ ಒಂದು ಕೇಸು ಬಂತಲ್ಲ!

ಮೊದಲು ಪ್ರಯೋಗಿಸಿದ್ದು ಮೊಬೈಲು ಕಲಿಸಿದ ಮಾತಿನ ವಿದ್ಯೆ. ಎದುರಿನವರ ತಪ್ಪು ಹೇಳಬಾರದು, ನಮಗೆ ಆದ ನೋವನ್ನಷ್ಟೇ ಹೇಳಬೇಕು. ಸಹನಾಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಕಲಿಸಿದೆ. ಮರುದಿನ ಅವಳು ಶಾಲೆಗೆ ಹೋಗಿ, ಭಾಗ್ಯಾಳಿಗೆ ಕೇಳುವಂತೆ ಗೋಡೆಯ ಕಡೆ ಮುಖ ಮಾಡಿ, "ನೀ ಹಂಗ ಅಂದ್ರ ನನಗ ಭಾಳ ಬ್ಯಾಸರ ಆಗ್ತೈತಿ" ಎಂದಳಂತೆ. ಭಾಗ್ಯಾ ಕೂಡ ಗೋಡೆಗೇ, "ಆಗ್ಲಿ ಬಿಡು" ಎಂದಳಂತೆ. ವಿದ್ಯೆ ಅಲ್ಲಿಗೆ ಮುಗಿಯಿತು. "ಆಗ್ಲಿ ಬಿಡು" ಎಂದರೆ ಮುಂದೇನು ಮಾಡಬೇಕು ಎಂದು ಯಾವ ವಿಡಿಯೋದಲ್ಲೂ ಇರಲಿಲ್ಲ. ಆ ವಿಡಿಯೋ ಮಾಡಿದವರು ನಮ್ಮ ಓಣಿಗೆ ಬಂದವರಲ್ಲ.

ಗೋಡೆಗೆ ಯಾಕೆ ಹೇಳಿದಳು ಎಂದು ನೀವು ಕೇಳಬಹುದು. ಠೂ ಬಿಟ್ಟವರು ಒಬ್ಬರಿಗೊಬ್ಬರು ನೇರವಾಗಿ ಮಾತಾಡುವಂತಿಲ್ಲ, ನಡುವೆ ಒಬ್ಬರು ಬೇಕು. ಯಾರೂ ಸಿಗದಿದ್ದರೆ ಗೋಡೆ, ಕಂಬ, ಏನಾದರೂ ನಡೆಯುತ್ತದೆ. ಓಣಿಯಲ್ಲಾದರೆ ಈ ಕೆಲಸ ಮುಮತಾಜಕ್ಕನ ಆಡಿನದು. ಅದರ ಹೆಸರು ರಾಣಿ. ಸಂಜೆ ನಾನೇ ಕಂಡೆ. ಇಬ್ಬರೂ ರಾಣಿಯ ಆಚೆ ಈಚೆ ನಿಂತಿದ್ದರು. "ರಾಣೀ, ಆಕಿ ಹಂತ್ಯಾಕ ನನ್ನ ರಬ್ಬರ ಐತಿ, ಕೊಡು ಅಂತ ಹೇಳು" ಎಂದು ಒಬ್ಬಳು. "ರಾಣೀ, ಮನ್ಯಾಗ ಐತಿ, ನಾಳೆ ತರತೀನಂತ ಹೇಳು" ಎಂದು ಇನ್ನೊಬ್ಬಳು. ರಾಣಿ ಬೇವಿನ ಸೊಪ್ಪು ಅಗಿಯುತ್ತ ಎರಡೂ ಕಡೆಯ ಮಾತು ಕೇಳುತ್ತಿತ್ತು. ಹಿಂದೆ ಕೋಟೆಯಿಂದ ಕೋಟೆಗೆ ಹೋಗುವ ದೂತನಿಗೆ ಯಾರೂ ಕೈ ಮಾಡಬಾರದೆಂಬ ನಿಯಮವಿತ್ತಂತೆ. ರಾಣಿಯ ಜೀವಕ್ಕೂ ಏನೂ ಅಪಾಯವಿರಲಿಲ್ಲ. ಅಪಾಯವಿದ್ದದ್ದು ಸಹನಾಳ ಜಡೆಯ ರಿಬ್ಬನ್ನಿಗೆ.

ಆಡಿನ ಮೇಲೆ ಭಾರ ಹಾಕಿ ನಾನು ಸುಮ್ಮನಿರಬೇಕಿತ್ತು. ಆದರೆ ಕಲಿತ ವಿದ್ಯೆ ಸುಮ್ಮನೆ ಕೂಡುವುದಿಲ್ಲ ನೋಡಿ. ಮರುದಿನ ಒಂದು ಸಂಧಾನ ಸಭೆ ಕರೆದೆ. ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಮಕ್ಕಳಿಬ್ಬರನ್ನೂ ಕೂಡಿಸಿದೆ, ಸಾಕ್ಷಿಗೆ ಸಹನಾಳ ಅವ್ವ, ಅಂದರೆ ಓಣಿಗೆಲ್ಲ ನೀಲಕ್ಕನಾದ ನಮ್ಮ ವೈನಿ, ಮತ್ತು ರೇಣುಕಕ್ಕ. ಸಭೆಯ ನಿಯಮ ಒಂದೇ: ಕೈಯಲ್ಲಿ ಸವುಟು ಇದ್ದವರು ಮಾತಾಡಬೇಕು, ಉಳಿದವರು ಬಾಯಿ ಮುಚ್ಚಿ ಕೇಳಬೇಕು. ವಿಡಿಯೋದಲ್ಲಿ ಚಂದದ ಕೋಲು ಇತ್ತು, ನಮ್ಮಲ್ಲಿ ಸಾರಿನ ಸವುಟೇ ಸಿಕ್ಕಿತು.

ಸಹನಾ ಸವುಟು ಹಿಡಿದು ಅದರಲ್ಲಿ ತನ್ನ ಮುಖ ನೋಡಿಕೊಂಡಳು. ಭಾಗ್ಯಾ ಇಸಿದುಕೊಂಡು, "ಗೆರಿ ತುಳದಾಳ" ಎಂದಳು. ವೈನಿ ಕೈ ಚಾಚಿ ಸವುಟು ತೆಗೆದುಕೊಂಡು, ನಮ್ಮ ಹುಡುಗಿ ಸುಳ್ಳು ಹೇಳುವವಳಲ್ಲ ಎಂದಳು. ರೇಣುಕಕ್ಕ ಸವುಟು ಕೇಳಿ ಪಡೆದು, ಹಾಗಾದರೆ ನಮ್ಮಾಕಿ ಹೇಳುತ್ತಾಳೇನು ಎಂದಳು. ಅಲ್ಲಿಂದ ಸವುಟು ಮಕ್ಕಳ ಕೈಗೆ ತಿರುಗಿ ಹೋಗಲೇ ಇಲ್ಲ. ನಿಯಮವನ್ನು ಮಾತ್ರ ಇಬ್ಬರೂ ಚಾಚೂ ತಪ್ಪದೆ ಪಾಲಿಸಿದರು. ಗೆರೆಯಿಂದ ಶಾಲೆಗೆ, ಶಾಲೆಯಿಂದ ಓಣಿಗೆ, ಓಣಿಯಿಂದ ಬೇಸಿಗೆಗೆ ಮಾತು ಹೋಯಿತು. ಕೊನೆಗೆ ರೇಣುಕಕ್ಕ ಸವುಟು ಹಿಡಿದು ಮೆಲ್ಲಗೆ, "ಹಪ್ಪಳ ಮಾಡಾಕ ಓಣ್ಯಾಗ ಎಲ್ಲಾರನೂ ಕರದಿ ನೀಲಕ್ಕ. ನನ್ನೊಬ್ಬಾಕಿನ್ನ ಬಿಟ್ಟಿ" ಎಂದಳು. ಸವುಟು ಚಾಪೆಯ ಮೇಲಿಟ್ಟು, ಮಗಳ ಕೈ ಹಿಡಿದುಕೊಂಡು ಹೋದಳು. ವೈನಿಗೆ ಉತ್ತರ ಕೊಡಬೇಕಿತ್ತು, ಆದರೆ ಸವುಟು ಯಾರ ಕೈಯಲ್ಲೂ ಇರಲಿಲ್ಲ.

ಈಗ ಒಂದು ಜಗಳದ ಬದಲು ಎರಡಾದವು. ಎರಡನೆಯದರ ಲಕ್ಷಣವೇ ಬೇರೆ. ಬೈಗುಳವಿಲ್ಲ, ಬೆರಳಿಲ್ಲ, ಆಡಿಲ್ಲ. ರೇಣುಕಕ್ಕ ನಮ್ಮ ಮನೆಯ ಮುಂದೆ ಹಾಯುವಾಗ ಸೆರಗು ಸರಿಪಡಿಸಿಕೊಳ್ಳತೊಡಗಿದಳು. ಅವಳು ಬರುವ ಹೊತ್ತಿಗೇ ವೈನಿಗೆ ಒಳಗೆ ಕೆಲಸ ನೆನಪಾಗತೊಡಗಿತು. ಏನಾದರೂ ಆಗಿದೆಯೇ ಎಂದು ಯಾರಾದರೂ ಕೇಳಿದರೆ ಇಬ್ಬರದೂ ಒಂದೇ ಉತ್ತರ: ಏನೂ ಆಗಿಲ್ಲ. ಇದರ ನಡುವೆ ರೇಣುಕಕ್ಕನ ಸ್ಟೀಲ್ ಡಬ್ಬಿಯೊಂದು ನಮ್ಮ ಅಡುಗೆಮನೆಯಲ್ಲಿ ಉಳಿದುಬಿಟ್ಟಿತ್ತು. ಹಿಂದಿನ ವಾರ ಅದರಲ್ಲಿ ಗುರೆಳ್ಳು ಚಟ್ನಿ ಕಳಿಸಿದ್ದಳು. ಬಂದ ಡಬ್ಬಿಯನ್ನು ಬರಿದು ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ. ತುಂಬಿ ಕಳಿಸಿದರೆ ಸೋತಂತೆ, ಬರಿದು ಕಳಿಸಿದರೆ ಜಗಳ ಖಾಯಂ ಆದಂತೆ, ಇಟ್ಟುಕೊಂಡರೆ ದಿನಾ ಕಣ್ಣಿಗೆ ಬೀಳುತ್ತದೆ. ವೈನಿ ಅದನ್ನು ತೊಳೆದು ಒರೆಸಿ ಒಮ್ಮೆ ಮೇಲಿನ ಹಲಗೆಗೆ, ಒಮ್ಮೆ ಕೆಳಗಿನ ಹಲಗೆಗೆ ಇಡುವುದನ್ನು ನೋಡಿದಾಗೆಲ್ಲ ನಾನು ಮೊಬೈಲು ಮಗುಚಿ ಇಡುತ್ತಿದ್ದೆ.

ಆಗ ಯೋಚನೆ ಬಂದದ್ದು ರೋಣದ ಶೈಲಾಳದು. ಕಾಲೇಜಿನಲ್ಲಿ ನನ್ನ ಜೀವದ ಗೆಳತಿ. ನಮ್ಮ ನಡುವೆ ಜಗಳವಾಗಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮೊದಲು ಪುಟಗಟ್ಟಲೆ ಮೆಸೇಜು ಬರುತ್ತಿತ್ತು, ಆಮೇಲೆ ಒಂದು ಸಾಲು, ಆಮೇಲೆ ಒಂದು ಹೆಬ್ಬೆರಳಿನ ಚಿತ್ರ. ಈಗ ಹಬ್ಬಕ್ಕೊಂದು ಶುಭಾಶಯದ ಪಟ, ಅದೂ ಎಲ್ಲರಿಗೂ ಕಳಿಸಿದ್ದೇ. ಅವಳಿಗೆ ಸಿಟ್ಟಿದೆಯೋ, ನನಗೆ ಸಿಟ್ಟಿದೆಯೋ, ಇಬ್ಬರಿಗೂ ಬರೀ ಆಲಸ್ಯವೋ ಗೊತ್ತಿಲ್ಲ. ಗಂಡ ಹೆಂಡಿರ ಜಗಳಕ್ಕಾದರೆ ಉಂಡು ಮಲಗುವ ತನಕ ಎಂದು ಗಾದೆಯೇ ವಾಯಿದೆ ಕೊಟ್ಟಿದೆ. ಗೆಳತಿಯರಿಗೆ ಅಂಥ ಗಾದೆಯೂ ಇಲ್ಲ.

ಪಂಚಮಿಯ ದಿನ ಬೆಳಿಗ್ಗೆ ಸಹನಾ ಹೊಸ ಲಂಗ ತೊಟ್ಟು ಹೊಸಿಲ ಮೇಲೆ ಕೂತಿದ್ದಳು. ಬೇವಿನ ಮರದ ಕಡೆಯಿಂದ ಹುಡುಗಿಯರ ಕೇಕೆ ಬರುತ್ತಿತ್ತು. ಜಡೆ ಹಾಕುತ್ತಾ, ಈ ಬಾರಿ ಯಾವ ವಿದ್ಯೆಯನ್ನೂ ನೆನೆಸಿಕೊಳ್ಳದೆ, ಬರೀ ಕುತೂಹಲಕ್ಕೆ ಕೇಳಿದೆ: "ಖರೇ ಹೇಳವಾ. ತುಳದಿದ್ದಿಯೇನು?"

"ತುಳದಿದ್ದೆ ಅತ್ತಿ."

"ಮತ್ತ ಯಾಕ ಠೂ ಬಿಟ್ಟಿ?"

"ಎಲ್ಲಾರ ಮುಂದ ಒದರಿದ್ಲು. ನನ್ನ ಕಿವ್ಯಾಗ ಹೇಳಿದ್ರ ನಾನ ಔಟ್ ಆಗಿ ಹೊರಗ ನಿಲ್ತಿದ್ದೆ."

ತುಳಿದಳೋ ಇಲ್ಲವೋ ಎಂದು ನಾವು ದೊಡ್ಡವರು ಸವುಟು ಹಿಡಿದು ವಾದಿಸಿದ್ದೇವೆ. ಈ ಹುಡುಗಿಯ ಜಗಳ ಗೆರೆಯ ಮೇಲೆ ಇರಲೇ ಇಲ್ಲ. ಇದನ್ನು ಭಾಗ್ಯಾಳಿಗೇ ಹೇಳಬಾರದೇ ಎಂದೆ. ಠೂ ಬಿಟ್ಟ ಮೇಲೆ ಹೇಗೆ ಹೇಳುವುದು ಎಂದು ನನ್ನ ಅಜ್ಞಾನಕ್ಕೆ ಅವಳೇ ಮರುಗಿದಳು.

"ರಾಣಿಗೆ ಹೇಳು" ಎಂದೆ.

ನಾನು ಮಾಡಿದ ಒಂದೇ ಒಂದು ಉಪಕಾರ ಇಷ್ಟು. ಅದೂ ಮೊಬೈಲಿನಲ್ಲಿ ಇಲ್ಲದ್ದು.

ಅವಳ ಹಿಂದೆ ನಾನೂ ಹೋದೆ. ಭಾಗ್ಯಾ ಜೋಕಾಲಿಯ ಹತ್ತಿರ ಆಡಿನ ಹಗ್ಗ ಹಿಡಿದು ನಿಂತಿದ್ದಳು. ಅವಳಿಗೂ ಜೋಡಿ ಇರಲಿಲ್ಲ. ಸಹನಾ ಹೋಗಿ ರಾಣಿಯ ಕಿವಿಯ ಹತ್ತಿರ ಬಗ್ಗಿ, ಉಳಿದ ಹುಡುಗಿಯರಿಗೆ ಕೇಳದಷ್ಟು ಮೆಲ್ಲಗೆ ಏನೋ ಹೇಳಿದಳು. ಭಾಗ್ಯಾ ಇನ್ನೊಂದು ಕಿವಿಗೆ ಬಗ್ಗಿದಳು. "ರಾಣೀ, ಇನ್ ಮ್ಯಾಲೆ ಕಿವ್ಯಾಗ ಹೇಳತೀನಂತ ಹೇಳು." ಎರಡು ಕಿವಿಗೂ ಗುಟ್ಟು ತುಂಬಿಕೊಂಡ ರಾಣಿ ತಲೆ ಕೊಡವಿತು. ಆಮೇಲೆ ತೋರುಬೆರಳು, ಆಮೇಲೆ ಹಲಗೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇಬ್ಬರ ಲಂಗಗಳೂ ಬೇವಿನ ಟೊಂಗೆಯ ಎತ್ತರದಲ್ಲಿದ್ದವು.

ಆಗಲೇ ವೈನಿ ಮುಮತಾಜಕ್ಕನಿಗೆ ಕೊಡಲು ಉಂಡಿಯ ತಾಟು ಹಿಡಿದು ಬಂದಳು. ಕಟ್ಟೆಯ ಮೇಲೆ ರೇಣುಕಕ್ಕ ಕೂತಿದ್ದಳು. ಒಬ್ಬಳು ಮರ ನೋಡಿದಳು, ಇನ್ನೊಬ್ಬಳು ಆಡು ನೋಡಿದಳು. ಜೋಕಾಲಿ ನಿಂತಿತು.

"ಅವ್ವಾ, ನೀವಿಬ್ಬರೂ ಠೂ ಬಿಟ್ಟೀರೇನು?" ಎಂದು ಸಹನಾ ಕೇಳಿದಳು.

"ದೊಡ್ಡವರು ಠೂ ಬಿಡ್ತಾರೇನವಾ? ಏನೂ ಆಗಿಲ್ಲ" ಎಂದಳು ವೈನಿ. ಏನೂ ಆಗಿಲ್ಲ ಎಂದು ರೇಣುಕಕ್ಕನೂ ಅಂದಳು.

ಭಾಗ್ಯಾ ಹಲಗೆಯ ಮೇಲಿಂದಲೇ ತೀರ್ಪು ಕೊಟ್ಟಳು. "ಹಂಗಾದ್ರ ಕೂಡಾಕ ಬರಂಗಿಲ್ಲ. ಮೊದಲ ಠೂ ಬಿಡ್ರಿ, ಆಮ್ಯಾಲೆ ಕೂಡ್ರಿ."

ಮುಮತಾಜಕ್ಕ ವೈನಿಯ ಕೈಯಿಂದ ತಾಟು ಇಸಿದುಕೊಂಡಳು. "ಬಿಡ್ರೆವಾ. ಹುಡುಗರು ಕಾಯದೆ ಹೇಳಾಕತ್ತಾವು" ಎಂದಳು.

ತಾಟು ಹೋದ ಮೇಲೆ ವೈನಿಯ ಕೈಗಳಿಗೆ ನೆಪ ಉಳಿಯಲಿಲ್ಲ. ರೇಣುಕಕ್ಕ ನಗೆ ತಡೆಯಲು ತುಟಿ ಕಚ್ಚಿಕೊಂಡೇ ಎದ್ದು ಬಂದಳು. ವೈನಿಯ ಕಿರುಬೆರಳಿಗೆ ಬೆಲ್ಲದ ಪಾಕ ಅಂಟಿತ್ತು, ರೇಣುಕಕ್ಕನದರಲ್ಲಿ ನೂಲು ಎಳೆದ ಗೆರೆಗಳಿದ್ದವು. ಕೊಂಡಿ ಬಿತ್ತು. ಇನ್ನು ಠೂ ಎಂದು ಜಗ್ಗಬೇಕು. ಯಾರೂ ಜಗ್ಗಲಿಲ್ಲ.

ವೈನಿ ಮೆಲ್ಲಗೆ, "ನಿನಗ ಆವಾಗ ಸೀರಿ ಮುಗಿಸಿ ಕೊಡೂದಿತ್ತು. ಮಗ್ಗದ ಮ್ಯಾಲಿಂದ ಯಾಕ ಎಬ್ಬಿಸಬೇಕಂತ ಕರೀಲಿಲ್ಲ" ಎಂದಳು.

"ಕರದು ನೋಡಬೇಕಿತ್ತು. ಬರಾಕ ಆಗಂಗಿಲ್ಲ ಅಂತ ನಾನ ಹೇಳ್ತಿದ್ದೆ" ಎಂದಳು ರೇಣುಕಕ್ಕ.

ಆಮೇಲೆ ಇಬ್ಬರೂ "ಠೂ" ಎಂದರು. ಪಾಕದ ಅಂಟಿಗೆ ಬೆರಳು ಬಿಡಲೊಲ್ಲದು, ನಗುವಿನಲ್ಲಿ ಕೈಗೆ ಬಲ ಬರಲೊಲ್ಲದು. ಹೇಗೋ ಬಿಡಿಸಿಕೊಂಡು ತೋರುಬೆರಳು ಹಾಕಿದ ಮೇಲೆ ರೇಣುಕಕ್ಕ, ಡಬ್ಬಿ ಮಾತ್ರ ಬರಿದು ಕಳಿಸಬೇಡ ಎಂದಳು. ಇಷ್ಟು ಹೊತ್ತೂ ಆಡಿನ ಹಗ್ಗ ಹಿಡಿದುಕೊಂಡಿದ್ದವಳು ನಾನು.

ಮಕ್ಕಳ ಪದ್ಧತಿಯ ಜಾಣತನ ನನಗೆ ಅಲ್ಲಿ ಕಂಡಿತು. ಠೂ ಬಿಡಬೇಕೆಂದರೂ ಒಮ್ಮೆ ಎದುರು ನಿಲ್ಲಬೇಕು, ಬೆರಳು ಹಿಡಿಯಬೇಕು. ಬಾಗಿಲು ಹಾಕಿದವರಿಗೆ ಅದು ಎಲ್ಲಿದೆ ಎಂದಾದರೂ ಗೊತ್ತಿರುತ್ತದೆ. ನಾವು ದೊಡ್ಡವರು ಏನೂ ಆಗಿಲ್ಲ ಎಂದು ಗೋಡೆಯನ್ನೇ ಕಟ್ಟಿಕೊಂಡು ಕೂತಿರುತ್ತೇವೆ.

ಮಧ್ಯಾಹ್ನ ಶೈಲಾಳಿಂದ ಪಂಚಮಿಯ ಶುಭಾಶಯದ ಪಟ ಬಂತು. ನಾನು ಹೆಬ್ಬೆರಳಿನ ಚಿತ್ರ ಒತ್ತಲು ಹೋಗಿ ತಡೆದು, "ನಿನ್ನ ಜೋಡಿ ಠೂ ಬಿಡೂದೈತಿ" ಎಂದು ಬರೆದೆ. ಉತ್ತರ ಆ ಕ್ಷಣಕ್ಕೇ ಬಂತು: "ಯಾಕಲೇ, ನಾ ಏನ ಮಾಡೀನಿ?" ಎಷ್ಟು ದಿನದ ಮೇಲೆ ಒಂದು ಪೂರ್ತಿ ವಾಕ್ಯ! ಫೋನಿನಲ್ಲಿ ಬಿಡಲು ಬರುವುದಿಲ್ಲ, ಬೆರಳು ಬೇಕು, ನಾಳೆ ಬಸ್ಸಿಗೆ ಬರುತ್ತೇನೆ ಎಂದು ಬರೆದೆ.

ವೈನಿ ಒಂದು ಡಬ್ಬಿ ಶೇಂಗಾ ಉಂಡಿ ಕಟ್ಟಿಕೊಟ್ಟಿದ್ದಾಳೆ. ಸಿಟ್ಟು ಯಾತಕ್ಕೆ ಎಂಬುದೊಂದು ಇನ್ನೂ ಗೊತ್ತಾಗಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೆ, ರೋಣ ಬರುವುದರೊಳಗೆ ಏನಾದರೊಂದು ಹುಡುಕಿಕೊಳ್ಳುತ್ತೇನೆ.