ರಂಗಪಂಚಮಿಯ ಥಂಡಾಯಿ

ಎಂಬತ್ತರ ದಶಕದ ಆರಂಭದಲ್ಲಿ ನಾವು ಬೆಳಗಾವಿಯ ಖಾಸಬಾಗದಲ್ಲಿದ್ದೆವು. ನಾನು ಖಾನಾಪುರದಲ್ಲಿ ಶಾಲಾ ಶಿಕ್ಷಕಿ. ಬೆಳಗಿನ ರೈಲು ದೇಸೂರು ದಾಟುವಷ್ಟರಲ್ಲಿ ನನಗೆ ಕುಳಿತಲ್ಲೇ ನಿದ್ದೆ. ಸಂಜೆ ಬಂದರೆ ಮತ್ತೆ ಒಲೆ, ಬಚ್ಚಲು, ಮುಸುರೆ ಪಾತ್ರೆ. ಅತ್ತೆಯವರು ದಿನವೂ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ನೆಟ್ಟು ಕೂರುತ್ತಿದ್ದರು. ಬೆಳಗಿನ ಪೂಜೆ ಮುಗಿಯುವ ತನಕ ಅವರಿಗೆ ಹನಿ ನೀರೂ ಇಲ್ಲ. ಅವರು ಉಣ್ಣದೆ ಸೊಸೆ ಉಣ್ಣುವಂತಿಲ್ಲ.

ಒಂದು ರಂಗಪಂಚಮಿಯ ಬಣ್ಣದಾಟದ ದಿನ ಬಾಜು ಮನೆಯವರು ತಂಬಿಗೆ ತುಂಬ ಥಂಡಾಯಿ, ಮಸಾಲೆ ಹಾಕಿದ ತಣ್ಣನೆಯ ಹಾಲು, ಕೊಟ್ಟರು. ಅತ್ತೆ ಕುಡಿದರು, ನಾನೂ ಕುಡಿದೆ. ಸಂಜೆ ಪೂಜೆಗೆ ಕುಳಿತ ಅತ್ತೆ ಒಮ್ಮೆಲೇ ಅಳತೊಡಗಿದರು.

"ಬೆಳಕ ಬಂತ ಯವ್ವಾ! ಅಂಗೈ ತುಂಬ ಬೆಳಕ!"

ಮರುದಿನ ಬಾಜು ಮನೆಯಾಕೆ ನಗುತ್ತ ಕೇಳಿದಳು: "ಹ್ಯಾಂಗಿತ್ರಿ ಥಂಡಾಯಿ? ನಮ್ಮ ಹುಡುಗೂರು ಭಂಗಿ ಸೊಪ್ಪ ಅರದ ಹಾಕಿದ್ರಂತ. ನಮಗೂ ಆಮ್ಯಾಲ ಗೊತ್ತಾತು."

ಇದನ್ನು ಅತ್ತೆಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಅವರ ಮುಖದಲ್ಲಿ ಅಂಥ ಸಂತೋಷ ಕಂಡಿರಲಿಲ್ಲ.

ಆದರೆ ಆ ಬೆಳಕು ಮತ್ತೆ ಬರುವವರೆಗೆ ಏಳುವುದಿಲ್ಲವೆಂದು ಅವರು ಹಟ ಹಿಡಿದರು. ಬೆಳಗಿನ ಪೂಜೆ ಮಧ್ಯಾಹ್ನಕ್ಕೆ ಹೋಯಿತು, ಆಮೇಲೆ ಸಂಜೆಗೆ. ನಾನು ಹಸಿದುಕೊಂಡೇ ರೈಲು ಹತ್ತುತ್ತಿದ್ದೆ. ಅವರ ಕೆನ್ನೆಗಳು ಒಳಗೆ ಹೋದವು. ಗಂಡ ಯಾವುದಕ್ಕೂ ಬಾಯಿ ಹಾಕುವವರಲ್ಲ. ಮುದುಕಿ ಸತ್ತೇ ಹೋಗುತ್ತಾಳೇನೋ ಎಂಬ ಹೆದರಿಕೆ ನನಗೆ. ಹೋದರೆ ಹೋಗಲಿ ಎನ್ನುವಷ್ಟು ದಣಿವು. ಎರಡೂ ನಿಜ.

ಒಂದು ಭಾನುವಾರ ಮಧ್ಯಾಹ್ನ ಅವರೆದುರು ಹೋಗಿ ಕುಳಿತೆ. "ಅತ್ತೀ, ಅವತ್ತಿನ ಥಂಡಾಯಿದಾಗ ಭಂಗಿ ಇತ್ತರಿ. ಆ ಬೆಳಕ ಅದರದ್ದರಿ."

ಅತ್ತೆ ಲಿಂಗದ ಮೇಲಿನ ಕಣ್ಣು ಕಿತ್ತರು. ಸಿಟ್ಟಿನಿಂದ ಕೇಳಿದರು: "ನೀನೂ ಕುಡದಿದ್ದೆಲ್ಲ? ನಿನಗ್ಯಾಕ ಬೆಳಕ ಕಾಣಲಿಲ್ಲ? ನಿನಗೇನ ಕಂಡಿತ್ತ ಹೇಳು."

ಸುಳ್ಳು ಕಟ್ಟಲು ನನ್ನಲ್ಲಿ ತ್ರಾಣವಿರಲಿಲ್ಲ. "ಮುಸುರಿ ಭಾಂಡೇರಿ. ತಿಕ್ಕಿದಷ್ಟೂ ಬರಾಕ ಹತ್ತಿದ್ದುವು. ಜಂತಿ ಮುಟ್ಟೂತನಕ."

ಹೇಳುತ್ತಿದ್ದಂತೆ ಅಳು ಬಂತು. ದೇವರೇ ಇಳಿದು ಬಂದು ಹುಡುಕಿದರೂ ನನ್ನೊಳಗೆ ಸಿಗುವುದು ಇಷ್ಟೇ ಏನು ಅನ್ನಿಸಿ ನಾಚಿಕೆಯಾಯಿತು.

ಅತ್ತೆ ನನ್ನನ್ನೇ ನೋಡಿದರು. ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡರು. ನೀರು ಕೇಳಿ ಕುಡಿದರು.

"ತಾಟ ಹಚ್ಚ ಯವ್ವಾ, ಇಬ್ಬರಿಗೂ," ಎಂದರು. "ನನ್ನ ತಾಟ ನಾನ ತೊಳಕೊಂತೀನಿ."